ಉದ್ದೇಶ ಪತ್ರದ ಮೊದಲ ಸಾಲು

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಕಡೆಯ ವಿದ್ಯಾರ್ಥಿಗಳು ವಿದೇಶದಲ್ಲಿ ಸ್ನಾತಕೋತ್ತರ ವ್ಯಾಸಂಗಕ್ಕೆಂದು ಬರೆದ ‘ಸ್ಟೇಟ್‌ಮೆಂಟ್ ಆಫ್ ಪರ್ಪಸ್’ ಕರಡುಗಳನ್ನು ತಿದ್ದಿಸಲು ನನ್ನ ಬಳಿಗೆ ತರುವುದುಂಟು. ಬಹುಪಾಲು ಕರಡುಗಳು ‘ಬಾಲ್ಯದಿಂದಲೂ ನನಗೆ’ ಎಂದೇ ಆರಂಭವಾಗುತ್ತವೆ. ಕಿತ್ತೂರಿನವರಾದರೆ 1824ರ ಚನ್ನಮ್ಮನ ಸಮರದಿಂದ! ಅಭಿಮಾನ ಸಹಜವೇ, ಆದರೆ ಪ್ರವೇಶ ಸಮಿತಿ ಹುಡುಕುವುದು ಅರ್ಜಿದಾರನ ಪ್ರಶ್ನೆಯನ್ನು.

ರಾಮದುರ್ಗದ ಅರ್ಥಶಾಸ್ತ್ರ ಪದವೀಧರನೊಬ್ಬನ ಕರಡಿನಲ್ಲಿ ಅಂಥದೊಂದು ಪ್ರಶ್ನೆ ಎರಡನೆಯ ಪುಟದ ಕೊನೆಯಲ್ಲಿ ಅಡಗಿತ್ತು. 2019ರ ಆಗಸ್ಟ್‌ನಲ್ಲಿ ನವಿಲುತೀರ್ಥ ಜಲಾಶಯದಿಂದ ಬಿಟ್ಟ ನೀರು ಮಲಪ್ರಭೆಯ ದಡ ಮೀರಿ ಅವನ ಮನೆಗೂ ನುಗ್ಗಿತ್ತು. ಅದೇ ಜಲಾಶಯದ ಕಾಲುವೆಗಳ ಕೊನೆಯ ಭಾಗದ ರೈತರು ನೀರಿಗಾಗಿ ಕಾಯುತ್ತಾರೆ. ಬರ, ನೆರೆ ಎರಡರ ನಷ್ಟವನ್ನೂ ತೂಗಿ ಜಲಾಶಯವನ್ನು ಎಷ್ಟು ತುಂಬಿಸಬೇಕೆಂದು ನಿರ್ಧರಿಸುವುದು ಹೇಗೆ? ಇದನ್ನೇ ಪತ್ರದ ಮೊದಲಿಗೆ ತರುವಂತೆ ಹೇಳಿದೆ. ಮುಳುಗಿದ ಮನೆಗೆ ಎರಡು ಸಾಲು ಸಾಕು. ಇದು ಕನಿಕರ ಬೇಡುವ ಪತ್ರವಲ್ಲ. ಆ ಪ್ರಶ್ನೆಗಾಗಿ ಈವರೆಗೆ ಏನು ಓದಿದೆ, ಯಾವ ಲೆಕ್ಕ ಹಾಕಿದೆ, ಎಲ್ಲಿ ಸೋತೆ ಎಂಬುದಕ್ಕೆ ಅರ್ಧ ಪತ್ರ ಮೀಸಲಿರಲಿ. ಸೋತದ್ದನ್ನು ಬರೆಯಲು ನಮ್ಮ ಮಕ್ಕಳು ಹಿಂಜರಿಯುತ್ತಾರೆ. ಮುಂದೆ ಕಲಿಯಬೇಕಾದದ್ದು ಏನೆಂದು ಗೊತ್ತಾಗುವುದೇ ಅಲ್ಲಿ. ಆಮೇಲಷ್ಟೇ ಆಯ್ದ ವಿಭಾಗದ ಕೋರ್ಸು, ಪ್ರಾಧ್ಯಾಪಕರ ಮಾತು. ವಿಶ್ವವಿದ್ಯಾಲಯದ ಕೀರ್ತಿವರ್ಣನೆಯನ್ನು ಹೊಡೆದುಹಾಕಿದೆ. ಅದು ಅವರಿಗೇ ಗೊತ್ತಿದೆ.

ಹೊಸ ಕರಡು ಒಂದೂವರೆ ಪುಟಕ್ಕೆ ಇಳಿದಿದೆ. ಆದರೆ ಲೆಕ್ಕದಲ್ಲಿ ಸೋತ ಸಾಲನ್ನು ಮತ್ತೆ ಬಿಟ್ಟಿದ್ದಾನೆ. ಸೇರಿಸಿ ತರಲೆಂದು ಹಿಂದಿರುಗಿಸಿದ್ದೇನೆ.