ಕಾರ್ಖಾನೆಯ ಕೂಗು, ಸೈಕಲ್ಲಿನ ಗಂಟೆ

ಊರಾಚೆಯ ಕಾರ್ಖಾನೆಯೊಂದರಲ್ಲಿ ಮೂವತ್ತು ವರ್ಷಕಾಲ ಫಿಟ್ಟರ್ ಆಗಿ ದುಡಿದ ನನ್ನ ಸೋದರಮಾವನವರ ಷರಾಯಿಯ ಬಲಗಾಲಿನ ಅಂಚಿನಲ್ಲಿ, ಅತ್ತೆಯವರು ಸೀಮೆಎಣ್ಣೆಯಿಂದ ಹಿಡಿದು ಬಾರ್ ಸೋಪಿನವರೆಗೆ ತಾವು ಬಲ್ಲ ಸಕಲೋಪಾಯಗಳನ್ನೂ ಪ್ರಯೋಗಿಸಿ, ಸೋತು, ಕಡೆಗೆ ಕೈಬಿಟ್ಟಿದ್ದ ಒಂದು ಕರಿಯ ಕಲೆ ಸದಾ ಇರುತ್ತಿದ್ದಿತು. ಅದು ಸೈಕಲ್ ಚೈನಿನ ಗ್ರೀಸು. ಚೈನು ಇರುವುದು ಬಲಮಗ್ಗುಲಿನಲ್ಲಾದುದರಿಂದ ಎಡಗಾಲು ನಿಷ್ಕಳಂಕ, ಬಲಗಾಲು ಮಾತ್ರ ಕಳಂಕಿತ. ಅಂದಿನ ಬೆಂಗಳೂರಿನಲ್ಲಿ ಮನುಷ್ಯನೊಬ್ಬನ ವೃತ್ತಿಯನ್ನೂ ವರಮಾನವನ್ನೂ ಊಹಿಸಬೇಕಾದವರು ಅವನ ಮುಖವನ್ನು ನೋಡುವ ಶ್ರಮ ವಹಿಸಬೇಕಾಗಿರಲಿಲ್ಲ. ಬಲಗಾಲಿನ ಅಂಚನ್ನು ನೋಡಿದರೆ ಸಾಕಾಗಿದ್ದಿತು.

ಹೀಗೆ ಸಹಸ್ರಾರು ಜನ ಪ್ರತಿನಿತ್ಯ ಎರಡು ಚಕ್ರಗಳ ಮೇಲೆ ಕೆಲಸಕ್ಕೆ ಹೋಗುವ ಪದ್ಧತಿ ಎಲ್ಲಿಂದ ಬಂದಿತು? ಸೈಕಲ್ಲಿನ ಚರಿತ್ರೆಯನ್ನು ಬರೆಯುವವರು ಜರ್ಮನಿಯ ಕಾರ್ಲ್ ಫಾನ್ ಡ್ರೈಸ್ ಎಂಬವನಿಗೆ ಮೊದಲ ತಾಂಬೂಲವನ್ನು ಕೊಡುವುದು ವಾಡಿಕೆ. ೧೮೧೭ರ ಜೂನ್ ೧೨ರಂದು ಆತನು ಪೆಡಲೇ ಇಲ್ಲದ ತನ್ನ ಮರದ ಯಂತ್ರವನ್ನೇರಿ, ಕಾಲಿನಿಂದ ನೆಲವನ್ನು ಒದೆಯುತ್ತ, ಮಾನ್‌ಹೈಮ್ ಪಟ್ಟಣದಿಂದ ಹೊರಟು ಸುಮಾರು ೧೪ ಕಿಲೋಮೀಟರಿನಷ್ಟು ದಾರಿಯನ್ನು ಒಂದು ಗಂಟೆಯೊಳಗಾಗಿ ಹೋಗಿ ಬಂದನು. ಅದಕ್ಕೆ ಎರಡು ವರ್ಷಗಳ ಹಿಂದೆ ತಂಬೋರಾ ಅಗ್ನಿಪರ್ವತವು ಸಿಡಿದು, ಅದರ ಬೂದಿಯ ಮುಸುಕಿನಿಂದ ೧೮೧೬ರಲ್ಲಿ ಯುರೋಪಿನಲ್ಲಿ ಬೇಸಗೆಯೇ ಇಲ್ಲವಾಗಿ, ಓಟ್ಸಿನ ಬೆಲೆ ಏರಿ ಕುದುರೆಗಳನ್ನು ಸಾಕುವುದು ದುಸ್ತರವಾದುದೇ ಈ ಕಲ್ಪನೆಗೆ ಪ್ರೇರಣೆಯೆಂದು ಕೆಲವು ಚರಿತ್ರಕಾರರು ಊಹಿಸುತ್ತಾರೆ. ಊಹೆ ಸೊಗಸಾಗಿದೆ, ನಿಜವಾಗಿದ್ದರೆ ಇನ್ನೂ ಸೊಗಸು. ಆದರೆ ಡ್ರೈಸನ ಯಂತ್ರವನ್ನೇರಿ ಯಾವ ಕೂಲಿಕಾರನೂ ಕೂಲಿಗೆ ಹೋಗಲಿಲ್ಲ. ೧೮೬೦ರ ದಶಕದಲ್ಲಿ ಪ್ಯಾರಿಸಿನ ಮಿಷೋ ಎಂಬವನ ಕಮ್ಮಾರಸಾಲೆಯಿಂದ ಮುಂದಿನ ಚಕ್ರಕ್ಕೆ ಪೆಡಲು ಕೂಡಿಸಿದ ಗಾಡಿಗಳು ಬಂದವು. ಪೆಡಲಿನ ಒಂದು ಸುತ್ತಿಗೆ ಚಕ್ರವೂ ಒಂದೇ ಸುತ್ತು ತಿರುಗುತ್ತಿದ್ದುದರಿಂದ, ಹೆಚ್ಚು ವೇಗ ಬೇಕೆಂದವರು ಆ ಚಕ್ರವನ್ನು ಸವಾರನ ಕಾಲು ನಿಲುಕುವಷ್ಟರ ಮಟ್ಟಿಗೂ ಹಿಗ್ಗಿಸಿದರು. ಅದು ಆಳೆತ್ತರದ ಗಾಡಿಯಾಗಿ, ಹತ್ತಲು ಧೈರ್ಯವೂ ಬೀಳಲು ಬಿಡುವೂ ಇದ್ದ ಶ್ರೀಮಂತ ತರುಣರ ಕ್ರೀಡಾವಸ್ತುವಾಯಿತು.

ಆಟದ ವಸ್ತುವನ್ನು ದುಡಿಮೆಯ ಸಾಧನವಾಗಿಸಿದ ಪುಣ್ಯ ಇಬ್ಬರಿಗೆ ಸಲ್ಲತಕ್ಕದ್ದು. ೧೮೮೫ರಲ್ಲಿ ಇಂಗ್ಲೆಂಡಿನ ಕಾವೆಂಟ್ರಿಯಲ್ಲಿ ಜಾನ್ ಕೆಂಪ್ ಸ್ಟಾರ್ಲಿಯು, ಎರಡು ಚಕ್ರಗಳನ್ನೂ ಹೆಚ್ಚು ಕಡಮೆ ಸಮನಾಗಿಸಿ, ಸವಾರನನ್ನು ನೆಲಕ್ಕೆ ಕಾಲೆಟಕುವಂತೆ ಕೂರಿಸಿ, ಚೈನಿನ ಮೂಲಕ ಹಿಂದಿನ ಚಕ್ರವನ್ನು ತಿರುಗಿಸುವ ರೋವರ್ ಗಾಡಿಯನ್ನು ಹೊರತಂದನು. ೧೮೮೭-೮೮ರಲ್ಲಿ ಬೆಲ್‌ಫಾಸ್ಟಿನ ಪಶುವೈದ್ಯ ಜಾನ್ ಡನ್‌ಲಪ್, ಮಗನ ಮೂರು ಚಕ್ರದ ಗಾಡಿಗೆಂದು ಗಾಳಿ ತುಂಬಿದ ರಬ್ಬರ್ ಟೈರನ್ನು ಕಲ್ಪಿಸಿದನು. ಚೈನಿನ ಮಹಿಮೆಯನ್ನು ಸ್ವಲ್ಪ ಲೆಕ್ಕ ಹಾಕಿಯೇ ನೋಡಬೇಕು. ನಮ್ಮ ಮಾಮೂಲು ಸೈಕಲ್ಲಿನ ಮುಂದಿನ ಹಲ್ಲುಚಕ್ರಕ್ಕೆ ೪೪ ಹಲ್ಲು, ಹಿಂದಿನ ಫ್ರೀವೀಲಿಗೆ ೧೮. ೨೮ ಅಂಗುಲದ ಚಕ್ರ ಒಂದು ಸುತ್ತಿಗೆ ಎರಡು ಮೀಟರಿಗಿಂತ ತುಸು ಹೆಚ್ಚು ದೂರ ಉರುಳುತ್ತದೆ. ಆದುದರಿಂದ ಕಾಲಿನ ಒಂದು ಸುತ್ತು ಮನುಷ್ಯನನ್ನು ಸುಮಾರು ಐದೂವರೆ ಮೀಟರ್ ಮುಂದಕ್ಕೆ ಒಯ್ಯುತ್ತದೆ. ಗಂಟೆಗೆ ಐದು ಕಿಲೋಮೀಟರು ನಡೆಯಬಲ್ಲವನು, ಹೆಚ್ಚೇನೂ ಬೆವರದೆ, ಹದಿನೈದು ಕಿಲೋಮೀಟರು ಹೋಗಬಲ್ಲವನಾದನು. ಮೂರರಷ್ಟು ವೇಗವೆಂದರೆ ಮೂರರಷ್ಟು ದೂರ. ಮನೆಯ ಸುತ್ತ ಎಳೆದ ವೃತ್ತ ಮೂರರಷ್ಟು ಹಿಗ್ಗಿದರೆ ಅದರೊಳಗಿನ ನೆಲ ಒಂಬತ್ತರಷ್ಟಾಗುತ್ತದೆ. ಬಡವನು ಕೆಲಸವನ್ನರಸಬಹುದಾದ ಭೂಮಿಯೂ ಅಷ್ಟೇ ಹಿಗ್ಗಿತು.

ಆದರೂ, ಯಂತ್ರ ಸಿದ್ಧವಾದ ಮಾತ್ರಕ್ಕೆ ಪದ್ಧತಿ ಹುಟ್ಟುವುದಿಲ್ಲ. ಹತ್ತೊಂಬತ್ತನೆಯ ಶತಮಾನದ ಅಂತ್ಯಕ್ಕಾಗಲೇ ಸೈಕಲ್ಲು ಭಾರತಕ್ಕೆ ಬಂದಿದ್ದರೂ, ಬೆಂಗಳೂರಿನ ಪೇಟೆಯವನಿಗೆ ಅದರ ಅಗತ್ಯವೇ ಇರಲಿಲ್ಲ. ನೇಕಾರನ ಮಗ್ಗ ಮನೆಯಲ್ಲೇ, ವ್ಯಾಪಾರಿಯ ಅಂಗಡಿ ಮನೆಯ ಮುಂದೆಯೇ. ಗುಮಾಸ್ತನು ಚಿಕ್ಕಪೇಟೆಯಿಂದ ಅಠಾರಾ ಕಚೇರಿಗೆ ಊಟದ ನಂತರ ನಿಧಾನವಾಗಿ ನಡೆದುಹೋದರೂ ಹನ್ನೊಂದು ಗಂಟೆಗೆ ತಲಪುತ್ತಿದ್ದನು, ತಲಪದಿದ್ದರೂ ಪ್ರಪಂಚವೇನೂ ಮುಳುಗುತ್ತಿರಲಿಲ್ಲ. ೧೮೯೮ರ ಪ್ಲೇಗು ಊರನ್ನು ಬೆದರಿಸಿ, ಮಲ್ಲೇಶ್ವರ ಬಸವನಗುಡಿಗಳಂಥ ಬಡಾವಣೆಗಳಿಗೆ ಜನ ಸರಿದ ಮೇಲೆ ಮನೆಗೂ ಕಚೇರಿಗೂ ನಡುವೆ ಮೊದಲ ಬಾರಿಗೆ ಒಂದು ದೂರ ಹುಟ್ಟಿತು. ಆಗ ಕಚ್ಚೆಪಂಚೆಯುಟ್ಟು, ಕೋಟು ತೊಟ್ಟು, ಪೇಟ ಧರಿಸಿದ ಕೆಲವು ಸಜ್ಜನರು ಹಂಬರ್, ರ‍್ಯಾಲಿ ಮುಂತಾದ ಸೀಮೆಯ ಗಾಡಿಗಳ ಮೇಲೆ ಗಂಭೀರವಾಗಿ ಆಸೀನರಾಗಿ ಕಚೇರಿಗೆ ದಯಮಾಡಿಸತೊಡಗಿದರು. ಇವರು ವಿರಳರು, ಇವರನ್ನು ನೋಡಲು ಮಕ್ಕಳು ಬೀದಿಗೆ ಬರುತ್ತಿದ್ದರು.

ಸೈಕಲ್ಲನ್ನು ಅನಿವಾರ್ಯವಾಗಿಸಿದ್ದು ಕಾರ್ಖಾನೆಯ ಕೂಗು ಎಂದು ನನ್ನ ಎಣಿಕೆ. ೧೯೪೦ರ ಡಿಸೆಂಬರಿನಲ್ಲಿ ವಾಲಚಂದ್ ಹೀರಾಚಂದರು ಮೈಸೂರು ಸಂಸ್ಥಾನದೊಡನೆ ಕೂಡಿ ವಿಮಾನ ಕಾರ್ಖಾನೆಯನ್ನು ಸ್ಥಾಪಿಸಿದಾಗ, ಅದಕ್ಕೆ ಬೇಕಾದ ಬಯಲು ಊರೊಳಗೆ ದೊರೆಯುವಂತಿರಲಿಲ್ಲ. ಪೂರ್ವಕ್ಕೆ ಹಲವು ಮೈಲಿ ಆಚೆ ಹೋಗಬೇಕಾಯಿತು. ಯುದ್ಧದಿಂದಾಗಿ ಪೆಟ್ರೋಲಿಗೆ ಪಡಿತರ ಬಂದು, ಬಸ್ಸುಗಳು ಇದ್ದಿಲ ಹೊಗೆಯ ಬಲದಿಂದ ಏದುಸಿರು ಬಿಡುತ್ತ ಓಡುತ್ತಿದ್ದ ದಿನಗಳವು. ತರುವಾಯ ೧೯೪೮ರಲ್ಲಿ ದೂರವಾಣಿ ಕಾರ್ಖಾನೆ, ೧೯೫೩ರಲ್ಲಿ ಎಚ್‌ಎಂಟಿ, ೧೯೫೪ರಲ್ಲಿ ಬಿಇಎಲ್, ಒಂದಾದಮೇಲೊಂದು ಊರಿನ ಅಂಚಿನಾಚೆಯೇ ತಲೆಯೆತ್ತಿದವು. ೧೯೪೧ರಲ್ಲಿ ನಾಲ್ಕು ಲಕ್ಷದಷ್ಟಿದ್ದ ನಗರದ ಜನಸಂಖ್ಯೆ ೧೯೫೧ರ ವೇಳೆಗೆ ಸುಮಾರು ಏಳು ಲಕ್ಷ ಎಂಬತ್ತು ಸಾವಿರವಾಯಿತು. ನಡೆಯಲು ದೂರ, ರೈಲಿಗೆ ಹತ್ತಿರ, ಬಸ್ಸಿಗೆ ನಂಬಿಕೆಯಿಲ್ಲ: ಇಂಥ ಎಂಟು ಹತ್ತು ಕಿಲೋಮೀಟರಿನ ಅಂತರವು ಸೈಕಲ್ಲಿಗಾಗಿಯೇ ಅಳೆದಿಟ್ಟಂತೆ ಇದ್ದಿತು. ಇದಕ್ಕೆ ಗಡಿಯಾರವೂ ಸೇರಿತು. ನಮ್ಮ ಮಾವನವರ ಕಾರ್ಖಾನೆಯಲ್ಲಿ ಮೂರನೆಯ ಕೂಗಿನ ಅನಂತರ ಗೇಟು ಮುಚ್ಚಿ, ಹೊರಗುಳಿದವನಿಗೆ ಅರ್ಧ ದಿನದ ಸಂಬಳ ಮುರಿಯುತ್ತಿದ್ದರು. ಏಳೆಂಟು ಮಕ್ಕಳ ಮನೆಯಲ್ಲಿ ಅರ್ಧ ದಿನದ ಸಂಬಳವೆಂದರೇನೆಂದು ಬಲ್ಲವನು ಪೆಡಲನ್ನು ಹೇಗೆ ತುಳಿಯುತ್ತಿದ್ದನೆಂಬುದನ್ನು ನಾನು ವರ್ಣಿಸಬೇಕಾಗಿಲ್ಲ. ೧೯೬೧ರಿಂದ ಕೈಗಡಿಯಾರಗಳು ಬೆಂಗಳೂರಿನಲ್ಲೇ ತಯಾರಾಗತೊಡಗಿದವು. ಅವನ್ನು ತಯಾರಿಸುವವರೂ ಹೊತ್ತಿಗೆ ಸರಿಯಾಗಿ ತಲಪಲು ಸೈಕಲ್ಲು ತುಳಿಯುತ್ತಿದ್ದರು.

ಗಾಡಿಗಳೂ ಆ ವೇಳೆಗೆ ಸ್ವದೇಶದವಾಗುತ್ತಿದ್ದವು. ೧೯೪೯ರಲ್ಲಿ ಮದ್ರಾಸಿನ ಬಳಿಯ ಅಂಬತ್ತೂರಿನಲ್ಲಿ ಟಿಐ, ೧೯೫೧ರಲ್ಲಿ ಸೋನಿಪತ್ತಿನಲ್ಲಿ ಅಟ್ಲಾಸ್, ೧೯೫೬ರಲ್ಲಿ ಲೂಧಿಯಾನದಲ್ಲಿ ಹೀರೋ. ಕೊಳ್ಳುವ ಶಕ್ತಿಯಿಲ್ಲದವನಿಗೆ ಸರ್ಕಾರಿ ನೌಕರಿಯಲ್ಲಿ ‘ಬೈಸಿಕಲ್ ಅಡ್ವಾನ್ಸ್’ ಎಂಬ ಮುಂಗಡವಿದ್ದಿತು. ತಿಂಗಳು ತಿಂಗಳೂ ಸಂಬಳದಲ್ಲಿ ಹಿಡಿಯುತ್ತಿದ್ದರು. ನಮ್ಮ ಮಾವನವರ ಹರ್ಕ್ಯುಲಿಸ್ ಕಂತು ತೀರಿದ ದಿನ ಅತ್ತೆಯವರು ಅದಕ್ಕೆ ಅರಿಶಿನ ಕುಂಕುಮ ಹಚ್ಚಿ ನಿಂಬೆಹಣ್ಣು ತುಳಿಸಿದರು. ಮಲ್ಲಿಗೆಯನ್ನು ಹ್ಯಾಂಡಲಿಗೆ ಮುಡಿಸಿದುದು ಮಾತ್ರ ಅತಿಯಾಯಿತೆಂದು ಮಾವನವರ ಅಭಿಪ್ರಾಯ.

ಈ ಗಾಡಿಯ ಸುತ್ತ ಒಂದು ಸಂಸಾರವೇ ಬೆಳೆಯಿತು. ಮೂಲೆಮೂಲೆಗೆ ಸೈಕಲ್ ಷಾಪು: ಹೊರಗೆ ತೂಗುಹಾಕಿದ ಹಳೆಯ ಟೈರುಗಳು, ಒಳಗೆ ಸಲ್ಯೂಷನ್ನಿನ ವಾಸನೆ, ನೀರಿನ ಬೋಗುಣಿಯಲ್ಲಿ ಟ್ಯೂಬನ್ನು ಅದ್ದಿ ಗುಳ್ಳೆಯೆಲ್ಲಿ ಏಳುವುದೆಂದು ಯೋಗಿಯ ಏಕಾಗ್ರತೆಯಿಂದ ದಿಟ್ಟಿಸುವ ಅಂಗಡಿಯಾತ. ರಿಮ್ಮಿನ ಬೆಂಡು ತೆಗೆಯುವುದು, ಕಡ್ಡಿ ಬಿಗಿಯುವುದು, ವರ್ಷಕ್ಕೊಮ್ಮೆ ಗಾಡಿಯನ್ನೆಲ್ಲ ಬಿಚ್ಚಿ ಸೀಮೆಎಣ್ಣೆಯಲ್ಲಿ ತೊಳೆದು ‘ಓವರಾಯಿಲ್’ ಮಾಡುವುದು ಇವೆಲ್ಲ ಅವನ ಷೋಡಶೋಪಚಾರಗಳು. ಪುರಸಭೆಗೆ ವಾರ್ಷಿಕ ತೆರಿಗೆ ಕೊಟ್ಟು ಲೋಹದ ಬಿಲ್ಲೆಯೊಂದನ್ನು ಪಡೆದು ಗಾಡಿಗೆ ಸಿಕ್ಕಿಸಬೇಕಾಗಿದ್ದಿತು. ಬಿಲ್ಲೆಯಿಲ್ಲದವನು, ಸಂಜೆ ದೀಪವಿಲ್ಲದವನು, ‘ಡಬಲ್ಸ್’ ಹೋಗುವವನು, ಈ ಮೂವರೂ ಪೋಲೀಸಿನವನ ಸಹಜ ಬೇಟೆ. ದಂಡಕ್ಕೆ ಕಾಸಿಲ್ಲದವನ ಚಕ್ರದ ವಾಲ್‌ಟ್ಯೂಬನ್ನು ಕಿತ್ತು ಗಾಳಿ ಬಿಡುವುದು ಅಂದಿನ ಸಂಕ್ಷಿಪ್ತ ನ್ಯಾಯವಿಧಾನ. ಡೈನಮೊ ಬರುವ ಮುನ್ನ ಎಣ್ಣೆಯ ಬುಡ್ಡಿದೀಪವಿದ್ದಿತು. ಎದುರುಗಾಳಿಗೆ ಅದು ಆರಿಹೋದರೆ, ಕಾದ ಬುರುಡೆಯನ್ನು ಮುಟ್ಟಿ ತೋರಿಸಿ, ‘ಈಗತಾನೆ ಆರಿತು ಸ್ವಾಮೀ, ಮುಟ್ಟಿ ನೋಡಿ’ ಎಂದು ವಾದಿಸುವ ಅವಕಾಶವೂ ಇದ್ದಿತು.

ಗಾಳಿಯ ಮಾತು ಬಂದಿತಷ್ಟೆ. ಪೂರ್ವದ ವಿಮಾನ ಕಾರ್ಖಾನೆಗೆ ಹೋಗುವವರಿಗೆ ಆಷಾಢವು ಅರ್ಧ ಮಿತ್ರ, ಅರ್ಧ ಶತ್ರು. ಪಡುವಣ ಗಾಳಿ ಬೆಳಿಗ್ಗೆ ಬೆನ್ನನ್ನು ತಳ್ಳುತ್ತಿದ್ದಿತು. ಅದೇ ಗಾಳಿ ಸಂಜೆ, ದಣಿದು ಮರಳುವ ಹೊತ್ತಿಗೆ, ಎದೆಗೆ ಕೈಯಿಟ್ಟು ತಡೆಯುತ್ತಿದ್ದಿತು. ಬೇಸಗೆಯಲ್ಲಿ ಸೂರ್ಯನ ಸರದಿ: ಹೋಗುವಾಗ ಮೂಡಣದಲ್ಲಿ, ಬರುವಾಗ ಪಡುವಣದಲ್ಲಿ, ಎರಡು ಹೊತ್ತೂ ನೇರ ಕಣ್ಣಿಗೆ. ಊರಿನ ಪಶ್ಚಿಮದಲ್ಲಿ ಮನೆ ಮಾಡಿದ ತಪ್ಪಿಗೆ ಆ ಕೆಲಸಗಾರರು ಆಯುಷ್ಯವಿಡೀ ಹುಬ್ಬು ಗಂಟಿಕ್ಕಿಕೊಂಡೇ ಇದ್ದರು. ಆದರೂ ಇಬ್ಬರು ಮೂವರು ಜೋಡಿಯಾಗಿ, ಒಬ್ಬರ ಹೆಗಲಿನ ಮೇಲೆ ಇನ್ನೊಬ್ಬರು ಕೈಯಿಟ್ಟು, ಯೂನಿಯನ್ನಿನ ಚುನಾವಣೆಯನ್ನೂ ಹೊಸ ಸಿನಿಮಾವನ್ನೂ ಮಗಳ ಮದುವೆಯನ್ನೂ ಮಾತಾಡುತ್ತ ತುಳಿಯುವಾಗ ದಾರಿ ತಿಳಿಯುತ್ತಿರಲಿಲ್ಲ. ಬಸ್ಸಿನಲ್ಲಿ ಪಕ್ಕದವನೊಡನೆ ಕುಳಿತು ಹೋಗುವವರು ಅಷ್ಟು ಮಾತಾಡುವುದನ್ನು ನಾನು ಕಂಡಿಲ್ಲ.

ಈ ಪದ್ಧತಿಯ ಇಳಿಗಾಲವನ್ನು ಹೆಚ್ಚು ಹೇಳಬೇಕಾದುದಿಲ್ಲ. ಕಾರ್ಖಾನೆಗಳು ತಮ್ಮ ಸುತ್ತ ಕಾಲನಿ ಕಟ್ಟಿದವು, ತಮ್ಮ ಬಸ್ಸುಗಳನ್ನು ಓಡಿಸಿದವು. ೧೯೮೦ರಲ್ಲಿ ಪಕ್ಕದ ಹೊಸೂರಿನಿಂದ ಟಿವಿಎಸ್ ೫೦ ಬಂದು, ಪೆಡಲಿದ್ದೂ ತುಳಿಯಬೇಕಾಗಿಲ್ಲದ ಸುಖವನ್ನು ಕಲಿಸಿತು. ಕಳೆದ ದಶಕದಲ್ಲಿ ಏಳನೆಯ ವೇತನ ಆಯೋಗವು ಕೇಂದ್ರ ನೌಕರರ ಬಡ್ಡಿರಹಿತ ಮುಂಗಡಗಳನ್ನು ರದ್ದು ಮಾಡುವಂತೆ ಹೇಳಿದಾಗ ಬೈಸಿಕಲ್ ಅಡ್ವಾನ್ಸೂ ಅದರೊಡನೆ ಹೋಯಿತು; ಯಾರೂ ಗಮನಿಸಲಿಲ್ಲ. ಈಗ ಭಾನುವಾರ ಬೆಳಿಗ್ಗೆ ಶಿರಸ್ತ್ರಾಣ ಧರಿಸಿ, ಒಂದು ಲಕ್ಷ ರೂಪಾಯಿಯ ಗಾಡಿಯ ಮೇಲೆ ನಂದಿಬೆಟ್ಟಕ್ಕೆ ಹೋಗುವವರನ್ನು ನೋಡಿ ಸೈಕಲ್ಲು ಮರಳಿ ಬಂದಿತೆಂದು ಬರೆಯುತ್ತಾರೆ. ಡ್ರೈಸನ ತರುವಾಯದ ಆ ಶ್ರೀಮಂತ ತರುಣರು ಮರಳಿ ಬಂದಿದ್ದಾರೆಂದು ಬರೆದರೆ ಹೆಚ್ಚು ಸರಿಯಾದೀತು.

ಕೆಲಸಕ್ಕೆ ಸೈಕಲ್ಲಿನಲ್ಲಿ ಹೋಗುವವರು ನಡುವೆ ಎಂದೂ ನಿಂತಿರಲಿಲ್ಲ. ಅವರನ್ನು ಕಾಣಬೇಕಾದರೆ ಐದೂವರೆಗೆ ಎದ್ದು ಹೊರಗೆ ಬರಬೇಕು. ಮೊನ್ನೆ ನಮ್ಮ ಬೀದಿಯ ತಿರುವಿನಲ್ಲಿ ಚೈನು ಕಳಚಿ ನಿಂತಿದ್ದ ಒಬ್ಬ ಕಾವಲುಗಾರನನ್ನು ಕಂಡೆನು. ನೀಲಿಯ ಸಮವಸ್ತ್ರ, ಹ್ಯಾಂಡಲಿಗೆ ನೇತುಹಾಕಿದ ಬುತ್ತಿ, ಬಲಗಾಲಿನ ಪ್ಯಾಂಟಿನ ಅಂಚನ್ನು ಕಾಲುಚೀಲದೊಳಕ್ಕೆ ತುರುಕಿದ್ದನು. ಎಷ್ಟು ದೂರದಿಂದ ಬರುತ್ತಿರುವೆಯಪ್ಪಾ ಎಂದು ಕೇಳಿದೆನು. ‘ಎಂಟು ಕಿಲೋಮೀಟ್ರು ಸಾರ್. ಆರಕ್ಕೆ ಹಾಜರಿ. ಐದು ನಿಮಿಷ ತಡ ಆದ್ರೂ...’ ಎಂದನು, ಅಷ್ಟರಲ್ಲಿ ಚೈನು ಹಲ್ಲಿಗೆ ಕೂತಿತು. ಕರಿ ಹಿಡಿದ ಬೆರಳುಗಳನ್ನು ಟೈರಿಗೆ ಒರಸಿ, ಮಾತನ್ನು ಮುಗಿಸದೆಯೇ, ಎಡ ಪೆಡಲಿನ ಮೇಲೆ ಕಾಲಿಟ್ಟು ಎರಡು ಬಾರಿ ನೆಲವನ್ನೊದ್ದು ಹತ್ತಿ ಹೊರಟುಹೋದನು.