ಓದುವ ಮಗುವೂ ಉಪಾಧ್ಯಾಯರ ಟಿಪ್ಪಣಿಯೂ

ತರಗತಿಯ ಮಕ್ಕಳೆಲ್ಲರೂ ಒಕ್ಕೊರಲಿನಿಂದ ಪಾಠವನ್ನು ಓದುವಾಗ ಕೇಳುವವರ ಕಿವಿಗೆ ಇಂಪಾಗುವುದು. ಆದರೆ ಆ ಧ್ವನಿಯ ಮರೆಯಲ್ಲಿ ಒಂದಕ್ಷರವನ್ನೂ ಗುರುತಿಸಲಾರದ ಮಗುವು ಅಡಗಿ ಕುಳಿತಿರಬಹುದು. ಅದು ಪಕ್ಕದವರ ಬಾಯನ್ನು ನೋಡಿ ತುಟಿಯಾಡಿಸುವುದು. ಪಾಠವು ಬಾಯಿಪಾಠವಾದ ಮೇಲಂತೂ ಪುಸ್ತಕವನ್ನು ತಲೆಕೆಳಗಾಗಿ ಹಿಡಿದರೂ ತಪ್ಪಿಲ್ಲದೆ ಒಪ್ಪಿಸಿಬಿಡುವುದು. ಅದರ ನಿಜಸ್ಥಿತಿಯು ಮೇಲಿನ ತರಗತಿಯಲ್ಲಿ ಬಯಲಾಗುವ ಹೊತ್ತಿಗೆ ‘ದಡ್ಡ’ ಎಂಬ ಹೆಸರು ಅಂಟಿಕೊಂಡಿರುತ್ತದೆ. ಈ ಅನ್ಯಾಯವನ್ನು ತಡೆಯಲು ಉಪಾಧ್ಯಾಯರ ಕೈಯಲ್ಲಿ ಒಂದು ಸಣ್ಣ ಪುಸ್ತಕವೂ ಒಂದು ಸೀಸದಕಡ್ಡಿಯೂ ಇದ್ದರೆ ಬಹುಮಟ್ಟಿಗೆ ಸಾಕು.

ಮಕ್ಕಳನ್ನು ಸಣ್ಣ ಗುಂಪುಗಳಲ್ಲಿ ಕೂರಿಸಿ ಕಲಿಸುವ ಕ್ರಮವು ನಮ್ಮ ನಾಡಿಗೆ ಅಪರಿಚಿತವಲ್ಲ. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಮೊದಲಾದ ‘ನಲಿ-ಕಲಿ’ ಪದ್ಧತಿಯಲ್ಲಿ ಪ್ರತಿಯೊಂದು ಮಗುವೂ ಕಲಿಕೆಯ ಏಣಿಯನ್ನು ತನ್ನದೇ ವೇಗದಿಂದ ಏರತಕ್ಕದ್ದು. ಅದು ಮುಟ್ಟಿದ ಮೆಟ್ಟಿಲನ್ನು ‘ಪ್ರಗತಿನೋಟ’ದಲ್ಲಿ ಗುರುತುಮಾಡುವರು. ಮಗುವು ಎಲ್ಲಿಯವರೆಗೆ ಬಂದಿದೆ ಎಂಬುದು ಇದರಿಂದ ತಿಳಿಯುವುದು. ಅದು ಎಲ್ಲಿ ಎಡವುತ್ತದೆ, ಏಕೆ ಎಡವುತ್ತದೆ ಎಂಬುದನ್ನು ತಿಳಿಯಬೇಕಾದರೆ ಅದರ ಓದನ್ನೇ ಬರೆದಿಟ್ಟುಕೊಳ್ಳಬೇಕು.

ಹೀಗೆ ಬರೆದಿಡುವ ಕ್ರಮವೊಂದನ್ನು ಶಾಸ್ತ್ರೀಯವಾಗಿ ರೂಪಿಸಿದವರು ನ್ಯೂಜಿಲೆಂಡಿನ ವಿದುಷಿ ಮೇರಿ ಕ್ಲೇ (1926–2007). 1960ರ ದಶಕದಲ್ಲಿ ಆಕೆಯು ಆಕ್ಲೆಂಡಿನಲ್ಲಿ ಹೊಸದಾಗಿ ಶಾಲೆಗೆ ಸೇರಿದ ನೂರು ಮಕ್ಕಳನ್ನು ವಾರವಾರವೂ ಕಂಡು, ಅವರ ಓದನ್ನು ವರ್ಷಕಾಲ ಪರಿಶೀಲಿಸಿದರು. ಆಕೆಯ ಕ್ರಮವು ಬಹು ಸರಳವಾದುದು. ಮಗುವು ಓದುವಾಗ ಉಪಾಧ್ಯಾಯರು ಪಕ್ಕದಲ್ಲಿ ಕುಳಿತು, ಸರಿಯಾಗಿ ನುಡಿದ ಪ್ರತಿ ಪದಕ್ಕೂ ಒಂದು ಸರಿಗುರುತನ್ನು ಹಾಕುವರು. ತಪ್ಪಿದರೆ ಮಗುವು ನುಡಿದುದನ್ನು ಮೇಲೆಯೂ ಪುಸ್ತಕದಲ್ಲಿರುವುದನ್ನು ಕೆಳಗೂ ಬರೆಯುವರು. ಬಿಟ್ಟ ಪದಕ್ಕೆ ಒಂದು ಅಡ್ಡಗೆರೆ; ತಾನಾಗಿ ತಿದ್ದಿಕೊಂಡುದಕ್ಕೆ ಬೇರೊಂದು ಗುರುತು. ಆ ಹೊತ್ತಿನಲ್ಲಿ ಕಲಿಸಹೋಗಬಾರದು, ಕಿವಿಗೊಟ್ಟು ಬರೆದುಕೊಳ್ಳಬೇಕು.

ಇದರ ಪ್ರಯೋಜನವೇನೆಂಬುದು ಒಂದು ಉದಾಹರಣೆಯಿಂದ ಸ್ಪಷ್ಟವಾಗುವುದು. ‘ಆನೆಯು ಕೆರೆಯಲ್ಲಿ ನೀರು ಕುಡಿಯಿತು’ ಎಂಬ ವಾಕ್ಯವನ್ನು ಮೂವರು ಮಕ್ಕಳು ಓದಿದರೆನ್ನೋಣ. ಒಬ್ಬನು ‘ಹೊಳೆಯಲ್ಲಿ’ ಎಂದನು. ಇನ್ನೊಬ್ಬಳು ‘ಕರೆಯಲ್ಲಿ’ ಎಂದಳು. ಮೂರನೆಯವನು ಮೊದಲು ‘ಕರೆ’ ಎಂದು ತಡೆದು, ಹಿಂದಿರುಗಿ ‘ಕೆರೆಯಲ್ಲಿ’ ಎಂದು ಸರಿಪಡಿಸಿಕೊಂಡನು. ಮೊದಲನೆಯವನು ಅರ್ಥವನ್ನು ಹಿಡಿದು ಅಕ್ಷರವನ್ನು ಕೈಬಿಟ್ಟವನು. ಎರಡನೆಯವಳು ಅಕ್ಷರವನ್ನು ಹಿಡಿದರೂ ಎತ್ವವನ್ನು ಕಾಣದೆ, ಅರ್ಥವನ್ನು ಮರೆತವಳು. ಮೂರನೆಯವನೋ ಎರಡನ್ನೂ ಹೋಲಿಸಿ ನೋಡುವ ನಿಜವಾದ ಓದುಗನಾಗುತ್ತಿದ್ದಾನೆ. ಮೂವರಿಗೂ ಒಂದೇ ಗದರಿಕೆಯನ್ನು ಕೊಟ್ಟರೆ ಯಾರಿಗೂ ಉಪಕಾರವಾಗದು.

ನೂರು ಪದಗಳಲ್ಲಿ 95 ಅಥವಾ ಹೆಚ್ಚು ಸರಿಯಾದರೆ ಆ ಪುಸ್ತಕವು ಮಗುವು ತಾನೇ ಓದಿಕೊಳ್ಳಲು ಸುಲಭವೆಂದೂ, 90ರಿಂದ 94ರವರೆಗೆ ಉಪಾಧ್ಯಾಯರ ನೆರವಿನಿಂದ ಓದತಕ್ಕದ್ದೆಂದೂ, 90ಕ್ಕಿಂತ ಕಡಮೆಯಾದರೆ ಕಷ್ಟವೆಂದೂ ಈ ಕ್ರಮದಲ್ಲಿ ಎಣಿಸುವರು. ಆದರೆ ಇದು ಇಂಗ್ಲಿಷ್ ಓದಿಗಾಗಿ ಹುಟ್ಟಿದ ಲೆಕ್ಕ. ನಮ್ಮ ‘ಮನೆಯಿಂದಲೇ’ ಎಂಬ ಒಂದೇ ಪದದಲ್ಲಿ ಆ ಭಾಷೆಯ ಮೂರು ನಾಲ್ಕು ಪದಗಳ ಭಾರವಿದೆ. ಆದಕಾರಣ ಸಂಖ್ಯೆಗಿಂತ ತಪ್ಪಿನ ಬಗೆಯನ್ನೇ ನಾವು ಹೆಚ್ಚಾಗಿ ನೋಡಬೇಕು.

ಟಿಪ್ಪಣಿಯಲ್ಲಿ ದಿನಾಂಕವಿರಲಿ, ಕಂಡುದು ಇರಲಿ; ತೀರ್ಪು ಬೇಡ. ‘ಸೋಮಾರಿ’, ‘ಗಮನವಿಲ್ಲ’ ಎಂದು ಬರೆದರೆ ನಾಳೆ ಏನು ಕಲಿಸಬೇಕೆಂಬುದು ತಿಳಿಯದು. ‘ಅಕ್ಕಿಯನ್ನು ಅಕಿ ಎಂದಳು, ಒತ್ತಕ್ಷರ ಬಂದಲ್ಲೆಲ್ಲ ನಿಲ್ಲುತ್ತಾಳೆ’ ಎಂದು ಬರೆದರೆ ನಾಳೆಯ ಪಾಠವು ಅಲ್ಲಿಯೇ ಸಿದ್ಧವಾಯಿತು. ಒತ್ತಕ್ಷರದಲ್ಲಿ ತಡೆಯುವ ನಾಲ್ವರನ್ನು ಕೆಲವು ದಿನ ಒಟ್ಟಿಗೆ ಕೂರಿಸಿ, ಅದು ಬಂದೊಡನೆ ಆ ಗುಂಪನ್ನು ಮುರಿಯಬೇಕು. ಮುರಿಯದ ಗುಂಪು ಮಕ್ಕಳಲ್ಲಿ ಮೇಲುಕೀಳಾಗಿ ಬೇರೂರುವುದು. ಕೆಲಸವು ಹೆಚ್ಚಾಯಿತೆಂದು ಅಂಜಬೇಕಾದುದಿಲ್ಲ. ದಿನಕ್ಕೆ ಇಬ್ಬರಂತೆ ಕೇಳಿದರೂ ಮೂವತ್ತು ಮಕ್ಕಳ ಸರದಿಯು 15 ಶಾಲಾದಿನಗಳಲ್ಲಿ ಮುಗಿಯುವುದು.

ತಾಯಂದಿರೂ ತಂದೆಯರೂ ಇದರಲ್ಲಿ ಪಾಲುಗೊಳ್ಳಬಹುದು. ಉಪಾಧ್ಯಾಯರನ್ನು ಕಂಡಾಗ ‘ಎಷ್ಟು ಅಂಕ ಬಂತು?’ ಎಂಬುದರ ಜೊತೆಗೆ ‘ನಮ್ಮ ಮಗುವು ಎಂತಹ ಪದದಲ್ಲಿ ತಡೆಯುತ್ತದೆ?’ ಎಂದೂ ಕೇಳಿರಿ. ಸಂಜೆ ದೀಪ ಹಚ್ಚಿದ ಮೇಲೆ ಹತ್ತು ನಿಮಿಷ ಅದರ ಓದನ್ನು ಕೇಳಿರಿ. ತಪ್ಪಿದೊಡನೆ ಬಾಯಿಹಾಕದೆ ಒಂದು ಕ್ಷಣ ತಾಳಿರಿ. ಎಷ್ಟೋ ವೇಳೆ ಮಗುವು ತಾನೇ ಹಿಂದಿರುಗಿ ತಿದ್ದಿಕೊಳ್ಳುವುದು. ತಾನಾಗಿ ತಿದ್ದಿಕೊಂಡ ಆ ಒಂದು ಪದವು ನಾವು ಹೇಳಿಕೊಟ್ಟ ಹತ್ತು ಪದಗಳಿಗಿಂತ ಹೆಚ್ಚು ಕಾಲ ಅದರ ಬಳಿ ಉಳಿಯುವುದು.