ದೊಡ್ಡವರ ಹೆಜ್ಜೆ, ಚಿಕ್ಕವರ ಗಂಟು

ಕುಪವಾಡ ಎಂಐಡಿಸಿಯ ಕಾರಖಾನೆಯೊಂದರಲ್ಲಿ ದುಡಿಯುವ ನಮ್ಮ ಬಂಧುವೊಬ್ಬರ ಮನೆಗೆ ಈಚೆಗೆ ಹೋಗಿದ್ದೆವು. ಮೊದಲ ಪಾಳಿ ಮುಗಿಸಿ ಬಂದ ಅವರು ಚಹಾ ಕುಡಿಯುತ್ತ ಫೋನನ್ನು ನಮ್ಮ ಮುಂದೆ ಹಿಡಿದರು. "ನೋಡ್ರಿ, ಮನೆ ಕಟ್ಟಿಸಿ ಮಾರೋ ಈ ಕಂಪನಿ ಶೇರು ವಿದೇಶಿ ಸಂಸ್ಥೆಗಳು ಕೊಳ್ಳಾಕತ್ಯಾವ. ನಾವೂ ಕೊಂಡರ ಹ್ಯಾಂಗ?" ಒಳಗಿನಿಂದ ಅವರ ಮನೆಯವರ ದನಿ ಬಂತು: "ಜಾಗಾ ತಗೊಳ್ಳಾಕ ಹತ್ತು ವರ್ಷ ಕೂಡಿಸಿದ ರೊಕ್ಕ ಅದು."

ಈ ಎರಡು ಮಾತುಗಳ ನಡುವೆ ಇಂದು ಅನೇಕ ಮನೆಗಳು ನಿಂತಿವೆ.

ವಿಮಾ ಕಂಪನಿಗಳು, ಮ್ಯೂಚುವಲ್ ಫಂಡುಗಳು, ವಿದೇಶಿ ಹೂಡಿಕೆದಾರರು ಇವರ ಕೊಡುಕೊಳ್ಳುವಿಕೆ ಗುಟ್ಟೇನಲ್ಲ. ಪ್ರತಿ ಮೂರು ತಿಂಗಳು ಮುಗಿದ 21 ದಿನಗಳೊಳಗೆ ಕಂಪನಿಯು ತನ್ನ ಶೇರುದಾರರ ಪಟ್ಟಿಯನ್ನು ಶೇರುಪೇಟೆಗೆ ಸಲ್ಲಿಸಬೇಕು. ಶೇಕಡಾ 1ಕ್ಕಿಂತ ಹೆಚ್ಚು ಪಾಲುಳ್ಳವರ ಹೆಸರು ಅದರಲ್ಲಿರುತ್ತದೆ. ಒಂದೇ ದಿನ ಕಂಪನಿಯ ಶೇರುಗಳಲ್ಲಿ ಶೇಕಡಾ ಅರ್ಧಕ್ಕಿಂತ ಹೆಚ್ಚು ಕೈಬದಲಾಯಿಸಿದವರ ವಿವರ ಅದೇ ದಿನ ಪ್ರಕಟವಾಗುತ್ತದೆ. ಯಾರೂ ಹಣ ತೆರದೆ ನೋಡಬಹುದು.

ಆದರೆ ಪಟ್ಟಿ ಹೇಳುವುದು ನಡೆದುಹೋದುದನ್ನು. ನಾವು ಓದುವ ಹೊತ್ತಿಗೆ ಕೊಂಡವರು ಮಾರಿಯೂ ಇರಬಹುದು. ಕಾರಣವನ್ನಂತೂ ಅದು ಹೇಳದು. ತಮ್ಮ ನಾಡಿನಲ್ಲಿ ಹಣ ಹೂಡಿದವರು ಮರಳಿ ಕೇಳಿದರೆಂದು ವಿದೇಶಿ ಸಂಸ್ಥೆಯು ಒಳ್ಳೆಯ ಶೇರನ್ನೂ ಮಾರುವುದುಂಟು.

ಸಾಂಗಲಿಯ ಬಳಿಯ ಹರಿಪುರದಲ್ಲಿ ಅರಿಸಿನವನ್ನು ನೆಲದ ಹಗೇವುಗಳಲ್ಲಿ ತುಂಬಿಡುತ್ತಿದ್ದುದನ್ನು ಹಿರಿಯರು ಬಲ್ಲರು. ದೊಡ್ಡ ವ್ಯಾಪಾರಿಯ ಹಗೇವು ತುಂಬಿದ್ದು ಊರಿಗೆ ಕಾಣಬಹುದು. ಯಾವ ದರಕ್ಕೆ ಕೊಂಡ, ಎಷ್ಟು ಕಾಲ ಕಾಯಬಲ್ಲ ಎಂಬುದು ಕಾಣದು. ಶೇರಿನ ಮಾತೂ ಅದೇ.

ಬೆಂಗಳೂರಿನ ಶೋಭಾ ಡೆವಲಪರ್ಸ್ ಕಂಪನಿಯು 2006ರ ಕೊನೆಯಲ್ಲಿ 640 ರೂಪಾಯಿಗೊಂದರಂತೆ ಶೇರು ನೀಡಿತು. ನೂರು ಪಟ್ಟಿಗೂ ಮೀರಿ ಬೇಡಿಕೆ ಬಂದಿತು, ಸಂಸ್ಥೆಗಳೂ ಮುಗಿಬಿದ್ದಿದ್ದವು. 2008ರ ಜಾಗತಿಕ ಹಣಕಾಸಿನ ಬಿಕ್ಕಟ್ಟಿನ ನಂತರ, 2009ರ ಆರಂಭದಲ್ಲಿ, ಬೆಲೆ ನೂರಕ್ಕಿಂತ ಕೆಳಗಿಳಿಯಿತು. ಅದೇ ವರ್ಷ ಕಂಪನಿಯು 640ಕ್ಕಿಂತ ಬಹಳ ಕಡಿಮೆ ಬೆಲೆಗೆ ಸಂಸ್ಥೆಗಳಿಗಷ್ಟೇ ಹೊಸ ಶೇರು ಮಾರಿ 500 ಕೋಟಿಗೂ ಹೆಚ್ಚು ಹಣ ಎತ್ತಿತು. ಆ ಬಾಗಿಲು ಚಿಕ್ಕವರಿಗೆ ತೆರೆದಿರಲಿಲ್ಲ. ಕಂಪನಿ ಉಳಿಯಿತು, ವರ್ಷಗಳ ಮೇಲೆ ಬೆಲೆಯೂ 640ನ್ನು ದಾಟಿತು. ಸಂಸ್ಥೆ ಕಾಯಬಲ್ಲದು, ಮಗಳ ಮದುವೆ, ಮನೆಯ ಬುನಾದಿ ಅಷ್ಟು ಕಾಯವು.

ಪಟ್ಟಿಯನ್ನು ನೋಡಬೇಡಿರೆಂದು ನಾವು ಹೇಳುವುದಿಲ್ಲ. ಒಂದು ಪಟ್ಟಿಯಲ್ಲ, ಎರಡು ವರ್ಷಗಳ ಎಂಟು ಪಟ್ಟಿಗಳನ್ನು ಸಾಲಾಗಿ ನೋಡಿರಿ. ಕಂಪನಿಯ ಒಡೆಯರು ತಮ್ಮ ಶೇರುಗಳನ್ನು ಒತ್ತೆಯಿಟ್ಟಿದ್ದರೆ ಆ ಲೆಕ್ಕವೂ ಅಲ್ಲಿಯೇ ಇರುತ್ತದೆ. ಸಾಲವೆಷ್ಟು, ಮನೆಗಳು ಮಾರಾಟವಾಗುತ್ತಿವೆಯೇ ಎಂದೂ ವಿಚಾರಿಸಿರಿ. ಆಮೇಲೆ, ಹೋದರೂ ಒಲೆ ಆರದಷ್ಟು ಹಣವನ್ನು ಮಾತ್ರ ಹಾಕಿರಿ.

ನಾವು ಹೊರಟಾಗ ಬಂಧುಗಳು ಫೋನನ್ನು ಕಿಸೆಗಿಟ್ಟರು. "ಜಾಗಾದ ರೊಕ್ಕ ಬ್ಯಾಂಕಿನ್ಯಾಗ ಇರಲಿ ಬಿಡ್ರಿ," ಎಂದರು. ಒಳಗಿನಿಂದ ಇನ್ನೊಂದು ಸುತ್ತು ಚಹಾ ಬಂತು.